‘ಇಸು’ವಿಗೆ ಕಿವಿಗೊಡದ ಮಕ್ಕಳು

ವೈದ್ಯನಾಥಪುರದ ಶಿಂಷಾ ದಡದ ಮಗುವಿಗೆ ‘ಓಡು’, ‘ಓಡಿಸು’ಗಳ ವ್ಯತ್ಯಾಸವನ್ನು ಯಾರೂ ಪಾಠ ಹೇಳಿರುವುದಿಲ್ಲ. ಹಾಗಾದರೆ ಅರ್ಥ ಎಲ್ಲಿಂದ ಬಂತು?

ಅಮೆರಿಕದ ರೋಜರ್ ಬ್ರೌನ್ 1957ರಲ್ಲೇ ತೋರಿಸಿದ್ದರು: ಹೊಸ ಪದ ನಾಮಪದವಾಗಿ ಬಂದರೆ ಮಗು ವಸ್ತುವಿನ ಚಿತ್ರವನ್ನೂ, ಕ್ರಿಯಾಪದವಾಗಿ ಬಂದರೆ ಕೆಲಸದ ಚಿತ್ರವನ್ನೂ ಆರಿಸುತ್ತದೆ. ಇಂಗ್ಲಿಷಿನಲ್ಲಿ ನಮ್ಮಂಥ ‘ಇಸು’ ಇಲ್ಲವಲ್ಲ! ಹಾಗಾಗಿ ಜೆಫ್ರಿ ಲಿಡ್ಜ್, ಹೆನ್ರಿ ಮತ್ತು ಲೀಲಾ ಗ್ಲೈಟ್‌ಮನ್ ಕನ್ನಡದ ಮಕ್ಕಳತ್ತ ತಿರುಗಿದರು. 2003ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಮೂರು ವರ್ಷದವರು, ಕೇಳಿದ ವಾಕ್ಯವನ್ನು ಆಟಿಕೆ ಪ್ರಾಣಿಗಳಿಂದ ಆಡಿ ತೋರಿಸಬೇಕಿತ್ತು. ವೈಯಾಕರಣರು ನೆಚ್ಚಿದ ‘ಇಸು’ವನ್ನು ಮಕ್ಕಳು ಲೆಕ್ಕಕ್ಕೇ ಹಿಡಿಯಲಿಲ್ಲ, ಎಣಿಸಿದ್ದು ವಾಕ್ಯದಲ್ಲಿರುವ ಹೆಸರುಗಳನ್ನು. ಎರಡಿದ್ದರೆ ಒಂದು ಪ್ರಾಣಿ ಇನ್ನೊಂದರಿಂದ ಕೆಲಸ ಮಾಡಿಸಿತು.

ಉರ್ದುವಿನಲ್ಲೂ ‘ದೌಡ್ನಾ’, ‘ದೌಡಾನಾ’ ಇವೆ. ಮನೆಯಲ್ಲಿ ಉರ್ದು ಆಡುವ ಮಗುವಿಗೆ ಅಂಗನವಾಡಿಯಲ್ಲಿ ಪಟ ತೋರಿಸಿ ಒಂಟಿ ಪದ ಹೇಳಿಸಿದರೆ, ಎಣಿಸಲು ಹೆಸರುಗಳೆಲ್ಲಿ?