ಗಂಟು ಹೊತ್ತ ಮಾಸ್ತರರು

ನನ್ನ ಕಥೆಗಳನ್ನು ಅಚ್ಚು ಹಾಕಿಸುವ ಆಸೆ ಹೇಳಿಕೊಂಡಾಗ ಶಾಲೆಯ ಗೆಳತಿಯೊಬ್ಬಳು, "ಅಕ್ಕಾ, ಎಲ್ಲರೂ ಸೇರಿ ವಂತಿಗೆ ಹಾಕೋಣ. ನೀವ್ಯಾಕೆ ಟ್ಯೂಷನ್ ಹೇಳಿ ದಣೀತೀರಿ?" ಎಂದಳು. ಅವಳ ಪ್ರೀತಿ ದೊಡ್ಡದು. ಆದರೂ ಮನಸ್ಸು ಒಪ್ಪಲಿಲ್ಲ.

ಆಗ ನೆನಪಾದವರು ಗಳಗನಾಥರು (1869–1942). ಅವರೂ ನಮ್ಮಂತೆ ಶಾಲೆಯಲ್ಲಿ ಪಾಠ ಹೇಳಿದವರು. ಕಾದಂಬರಿಗಳನ್ನು ಬರೆದು, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಓದು ಬಲ್ಲವರೇ ಕಡಿಮೆಯಿದ್ದ ಕಾಲದಲ್ಲಿ ಹೊಸ ಓದುಗರನ್ನು ಸಂಪಾದಿಸಿದರು.

ಹಾಗೆಂದು ವಂತಿಗೆ ಕೀಳೆನ್ನಲಾರೆ. ಶ್ಯಾಮ್ ಬೆನಗಲ್ ಅವರ ‘ಮಂಥನ್’ (1976) ಚಿತ್ರಕ್ಕೆ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಕೊಟ್ಟರು, 10 ಲಕ್ಷವಾಯಿತು. ನಮ್ಮ ಗಿರೀಶ ಕಾರ್ನಾಡರು ಅದರಲ್ಲಿ ಪಶುವೈದ್ಯರಾಗಿ ನಟಿಸಿದರು. ಹಾಲು ಹಾಕುವವರ ಬದುಕೇ ಅಲ್ಲಿ ಕಥೆ. ಚಿತ್ರ ಬಂದಾಗ ಹಳ್ಳಿಯವರು ಲಾರಿ ತುಂಬಿಕೊಂಡು ಹೋಗಿ, ತಮ್ಮದೇ ಚಿತ್ರವೆಂದು ನೋಡಿದರು.

ಕೊಟ್ಟವರಿಗೂ ಪಾಲಿದ್ದರೆ ವಂತಿಗೆಗೊಂದು ಮರ್ಯಾದೆಯುಂಟು. ನನ್ನ ಕಥೆಗಳೋ ನನ್ನೊಬ್ಬಳ ಆಸೆ. ಪುಸ್ತಕ ಸೋತರೆ ಗೆಳತಿಯರ ಮುಖ ನೋಡುವುದು ಹೇಗೆ, ನೀವೇ ಹೇಳಿ.

ಎರಡು ವರ್ಷ ಸಂಜೆ ಟ್ಯೂಷನ್ ಹೇಳಿದೆ. ಮನೆಯವರು ಗೊಣಗಿದರು, ಸೊಂಟ ನೋಯಿತು, ಪುಸ್ತಕ ಬಂತು. ಚೀಲದಲ್ಲಿ ಹತ್ತು ಪ್ರತಿ ತುಂಬಿಕೊಂಡು ಶಾಲೆಗೆ ಹೋದೆ. ಮೊದಲ ಪ್ರತಿ ಕೊಂಡವಳು ಅದೇ ಗೆಳತಿ. "ಅವತ್ತು ಕೊಡ್ತೀನಂದ ದುಡ್ಡು, ಈಗ ತಗೊಳ್ಳಿ" ಎಂದಳು.

ಈ ಸಲ ಕೈ ಹಿಂಜರಿಯಲಿಲ್ಲ.