ದಿವಾನರ ಪೀಠದಿಂದ ಸಭಾಧ್ಯಕ್ಷರ ಪೀಠಕ್ಕೆ: ಕರ್ನಾಟಕ ಶಾಸನಸಭೆಯ ಅಧ್ಯಕ್ಷತೆಯ ಚರಿತ್ರೆ

ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿಗೆ ಸೇರಿದ್ದು 1881ರ ಅಕ್ಟೋಬರ್ 7ರಂದು. ಬ್ರಿಟಿಷ್ ಕಮಿಷನರುಗಳ ಐವತ್ತು ವರ್ಷಗಳ ಆಡಳಿತ ಮುಗಿದು, ಅದೇ ವರ್ಷದ ಮಾರ್ಚ್‌ನಲ್ಲಿ ರಾಜ್ಯ ಒಡೆಯರ ಕೈಗೆ ಮರಳಿತ್ತು. ದಸರೆಯ ಹೊತ್ತಿಗೆ ಜಿಲ್ಲೆ ಜಿಲ್ಲೆಗಳಿಂದ ಬಂದ 144 ಮಂದಿ ರೈತರು, ಜಮೀನುದಾರರು ಮತ್ತು ವರ್ತಕರ ಮುಂದೆ ದಿವಾನ್ ಸಿ. ರಂಗಾಚಾರ್ಲು ಸರ್ಕಾರದ ಆಯವ್ಯಯದ ವರದಿ ಓದಿದರು. ಸಭೆಯ ಅಧ್ಯಕ್ಷರೂ ಅವರೇ. ಲೆಕ್ಕ ಒಪ್ಪಿಸುವವರು, ಪ್ರಜೆಗಳ ಅಹವಾಲಿಗೆ ಉತ್ತರ ಹೇಳುವವರು, ಯಾರು ಯಾವಾಗ ಮಾತಾಡಬೇಕೆಂದು ತೀರ್ಮಾನಿಸುವವರು, ಮೂವರೂ ಒಬ್ಬರೇ.

ಇದನ್ನು ಇಂದಿನ ಕಣ್ಣಿನಿಂದ ನೋಡಿ ದೋಷವೆನ್ನುವುದು ನ್ಯಾಯವಲ್ಲ. ಆ ಸಭೆಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ, ಮತ ಹಾಕಿ ಸರ್ಕಾರವನ್ನು ಕಟ್ಟಿಹಾಕುವ ಅಧಿಕಾರವೂ ಇರಲಿಲ್ಲ. ಪ್ರಜೆಗಳ ಮಾತು ಸರ್ಕಾರದ ಕಿವಿಗೆ ಬೀಳಬೇಕು ಎಂಬಷ್ಟೇ ಅದರ ಉದ್ದೇಶವಾಗಿದ್ದಾಗ, ಕೇಳಬೇಕಾದವರೇ ಅಧ್ಯಕ್ಷತೆ ವಹಿಸುವುದರಲ್ಲಿ ಅರ್ಥವಿತ್ತು. ತೊಡಕು ಶುರುವಾಗುವುದು ಸಭೆಗೆ ನಿಜವಾದ ಅಧಿಕಾರ ಬರತೊಡಗಿದಾಗ. 1907ರಲ್ಲಿ ನ್ಯಾಯವಿಧಾಯಕ ಸಭೆ (ಲೆಜಿಸ್ಲೇಟಿವ್ ಕೌನ್ಸಿಲ್) ಹುಟ್ಟಿತು. ಅದರ ಅಧ್ಯಕ್ಷರೂ ದಿವಾನರು. 1923ರ ಸುಧಾರಣೆಗಳಿಂದ ಪ್ರಜಾಪ್ರತಿನಿಧಿ ಸಭೆಗೆ ಶಾಸನಬದ್ಧ ಸ್ಥಾನ ಸಿಕ್ಕಿತು, ನ್ಯಾಯವಿಧಾಯಕ ಸಭೆ ಐವತ್ತು ಸದಸ್ಯರಿಗೆ ಹಿಗ್ಗಿತು. ಆದರೂ ಪೀಠ ದಿವಾನರದೇ ಆಗಿ ಉಳಿಯಿತು. ಇದಾಗಿ ಎರಡೇ ವರ್ಷಕ್ಕೆ, 1925ರಲ್ಲಿ, ದೆಹಲಿಯ ಕೇಂದ್ರ ಶಾಸನಸಭೆ ವಿಠ್ಠಲಭಾಯಿ ಪಟೇಲರನ್ನು ತನ್ನ ಮೊದಲ ಚುನಾಯಿತ ಅಧ್ಯಕ್ಷರನ್ನಾಗಿ ಆರಿಸಿತು. ಪೀಠವೇರಿದ ಪಟೇಲರು ಸ್ವರಾಜ್ ಪಕ್ಷದಿಂದ ಹೊರಬಂದರು. ಪ್ರಾತಿನಿಧಿಕ ಸಂಸ್ಥೆಯ ವಿಷಯದಲ್ಲಿ ಮೈಸೂರು ಬ್ರಿಟಿಷ್ ಇಂಡಿಯಾಕ್ಕಿಂತ ಮುಂದಿತ್ತು ಎಂದು ನಾವು ಹೆಮ್ಮೆಪಡುತ್ತೇವೆ. ಆ ಹೆಮ್ಮೆಗೆ ಆಧಾರವಿದೆ. ಅಧ್ಯಕ್ಷಪೀಠದ ಸ್ವಾತಂತ್ರ್ಯದ ಮಟ್ಟಿಗೆ ಮಾತ್ರ ಮೈಸೂರು ಹಿಂದೆ ಬಿದ್ದಿತ್ತು.

ಈ ಹಿನ್ನೆಲೆ ಮುಖ್ಯ. ನಮ್ಮಲ್ಲಿ ಸಭಾಧ್ಯಕ್ಷ ಪೀಠ ಸರ್ಕಾರದ ಒಡಲಲ್ಲೇ ಹುಟ್ಟಿದ್ದು. ಅದು ಅಲ್ಲಿಂದ ಎಷ್ಟರ ಮಟ್ಟಿಗೆ ಬಿಡಿಸಿಕೊಂಡಿತು ಎಂಬುದೇ ಈ ಚರಿತ್ರೆಯ ನಿಜವಾದ ಪ್ರಶ್ನೆ ಎಂದು ನನ್ನ ಭಾವನೆ.

ಕಾಗದದ ಮೇಲೆ ಬಿಡುಗಡೆ ಕೊಟ್ಟದ್ದು ಸಂವಿಧಾನ. 178ನೇ ವಿಧಿಯಂತೆ ವಿಧಾನಸಭೆ ತನ್ನ ಸಭಾಧ್ಯಕ್ಷರನ್ನೂ ಉಪ ಸಭಾಧ್ಯಕ್ಷರನ್ನೂ ತಾನೇ ಆರಿಸಿಕೊಳ್ಳುತ್ತದೆ. ಅವರನ್ನು ಇಳಿಸಬೇಕಾದರೆ ಹದಿನಾಲ್ಕು ದಿನಗಳ ಮುನ್ಸೂಚನೆ ಬೇಕು, ಸದನದ ಆಗಿನ ಎಲ್ಲ ಸದಸ್ಯರ ಬಹುಮತ ಬೇಕು. ವಿಧಾನಪರಿಷತ್ತಿನ ಸಭಾಪತಿಗೂ ಇಂಥದೇ ರಕ್ಷಣೆಯಿದೆ.

1956ರಲ್ಲಿ ಏಕೀಕರಣವಾಗಿ ಮುಂಬೈ, ಹೈದರಾಬಾದ್, ಮದ್ರಾಸ್ ಮತ್ತು ಕೊಡಗಿನ ಶಾಸಕರು ಮೈಸೂರಿನವರ ಜತೆ ವಿಧಾನಸೌಧದ ಹೊಸ ಸಭಾಂಗಣದಲ್ಲಿ ಕೂತಾಗ, ಸಭಾಧ್ಯಕ್ಷರಾದವರು ಹುನಗುಂದದ ಎಸ್.ಆರ್. ಕಂಠಿ. ಬೇರೆ ಬೇರೆ ಸದನಗಳ ರೂಢಿ ಕಲಿತು ಬಂದವರನ್ನು ಒಂದೇ ನಿಯಮಕ್ಕೆ ಒಗ್ಗಿಸುವ ಹೊಣೆ ಅವರ ಪಾಲಿಗೆ ಬಂತು. 1962ರ ಚುನಾವಣೆಯಲ್ಲಿ, ಮುಖ್ಯಮಂತ್ರಿಯಾಗಬೇಕಿದ್ದ ಕಾಂಗ್ರೆಸ್ ನಾಯಕ ಎಸ್. ನಿಜಲಿಂಗಪ್ಪ ಹೊಸದುರ್ಗದಲ್ಲಿ ಸೋತರು. ಪಕ್ಷ ಕಂಠಿಯವರನ್ನು ಮುಖ್ಯಮಂತ್ರಿ ಮಾಡಿತು. ಮಾರ್ಚ್‌ನಿಂದ ಜೂನ್‌ವರೆಗೆ ಆ ಕುರ್ಚಿಯಲ್ಲಿದ್ದ ಅವರು, ನಿಜಲಿಂಗಪ್ಪ ಬಾಗಲಕೋಟೆಯಿಂದ ಗೆದ್ದು ಬಂದ ಕೂಡಲೇ ಜಾಗ ಬಿಟ್ಟುಕೊಟ್ಟು ಅವರ ಸಂಪುಟದಲ್ಲಿ ಸಚಿವರಾದರು. ಕಂಠಿಯವರ ನಿಸ್ಪೃಹತೆಗೆ ನಿದರ್ಶನವೆಂದು ಈ ಪ್ರಸಂಗವನ್ನು ಇಂದಿಗೂ ಹೇಳುತ್ತಾರೆ; ಆ ಮೆಚ್ಚುಗೆ ಸಲ್ಲತಕ್ಕದ್ದೇ. ಆದರೆ ಸಂಸ್ಥೆಯ ದೃಷ್ಟಿಯಿಂದ ಇಲ್ಲೊಂದು ದಾರಿ ತೆರೆದುಕೊಂಡಿತು: ಸಭಾಧ್ಯಕ್ಷ ಪೀಠದಿಂದ ಸರ್ಕಾರಕ್ಕೆ ಹೋಗುವ ದಾರಿ. ಮುಂದೆ ಎಸ್.ಎಂ. ಕೃಷ್ಣ ಮತ್ತು ಜಗದೀಶ ಶೆಟ್ಟರ್ ಸಹ ಸಭಾಧ್ಯಕ್ಷರಾಗಿದ್ದು ಆಮೇಲೆ ಮುಖ್ಯಮಂತ್ರಿಗಳಾದರು. ಶೆಟ್ಟರ್ 2009ರಲ್ಲಿ, ಕಾಗೋಡು ತಿಮ್ಮಪ್ಪ 2016ರಲ್ಲಿ ಪೀಠ ಬಿಟ್ಟು ನೇರವಾಗಿ ಸಚಿವರಾದರು.

ನಡುವೆ ಕೆ.ಎಸ್. ನಾಗರತ್ನಮ್ಮ ಅವರ ಕಾಲವನ್ನು ನಿಂತು ನೋಡಬೇಕು. ಗುಂಡ್ಲುಪೇಟೆಯ ಈ ಶಾಸಕಿ 1972ರಲ್ಲಿ ಸಭಾಧ್ಯಕ್ಷರಾದರು. ಆ ಪೀಠದಲ್ಲಿ ಕೂತ ಏಕೈಕ ಮಹಿಳೆ ಇಂದಿಗೂ ಅವರೇ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗ ಅವರು ಸಭಾಧ್ಯಕ್ಷರು. ಗೇಣಿದಾರರಿಗೆ ಭೂಮಿ ಕೊಟ್ಟ ಭೂಸುಧಾರಣೆಯ ತಿದ್ದುಪಡಿ ಅಂಗೀಕಾರವಾದದ್ದು, ತುರ್ತುಪರಿಸ್ಥಿತಿ ಬಂದು ಹೋದದ್ದು ಅವರ ಅವಧಿಯಲ್ಲೇ. 1977ರ ಡಿಸೆಂಬರ್ ಕೊನೆಯಲ್ಲಿ ದೇವರಾಜ ಅರಸು ಸರ್ಕಾರ ವಜಾ ಆಗಿ ರಾಷ್ಟ್ರಪತಿ ಆಳ್ವಿಕೆ ಬಂತು. ವಿಧಾನಸಭೆ ವಿಸರ್ಜನೆಯಾಯಿತು. ಮುಖ್ಯಮಂತ್ರಿಯಿಲ್ಲ, ಮಂತ್ರಿಗಳಿಲ್ಲ, ಶಾಸಕರೂ ಇಲ್ಲ. ಸಭಾಧ್ಯಕ್ಷರು ಮಾತ್ರ ಇದ್ದರು. ಸದನ ವಿಸರ್ಜನೆಯಾದರೂ ಹೊಸ ಸದನ ಮೊದಲು ಸೇರುವ ಕ್ಷಣದವರೆಗೆ ಸಭಾಧ್ಯಕ್ಷರು ಸ್ಥಾನ ತೆರವು ಮಾಡಬೇಕಿಲ್ಲ ಎನ್ನುತ್ತದೆ 179ನೇ ವಿಧಿ. 1978ರ ಮಾರ್ಚ್‌ವರೆಗೆ ನಾಗರತ್ನಮ್ಮ ಆ ಸ್ಥಾನದಲ್ಲಿದ್ದರು. ಈ ಪೀಠ ಸರ್ಕಾರದ ಭಾಗವಲ್ಲ ಎಂಬುದು ಇಷ್ಟು ಸ್ಪಷ್ಟವಾಗಿ ಕಂಡ ಗಳಿಗೆಗಳು ನಮ್ಮ ಚರಿತ್ರೆಯಲ್ಲಿ ಅಪರೂಪ.

1985ರಲ್ಲಿ ಪಕ್ಷಾಂತರ ತಡೆಯಲು ಸಂವಿಧಾನಕ್ಕೆ ಹತ್ತನೇ ಅನುಸೂಚಿ ಸೇರಿತು. ಅಲ್ಲಿಯವರೆಗೆ ಕಲಾಪ ನಡೆಸುವುದು, ರೂಲಿಂಗ್ ಕೊಡುವುದು, ಮತ ಸಮವಾದಾಗ ನಿರ್ಣಾಯಕ ಮತ ಹಾಕುವುದು ಸಭಾಧ್ಯಕ್ಷರ ಕೆಲಸವಾಗಿತ್ತು. ಈಗ ಶಾಸಕನ ಸದಸ್ಯತ್ವ ಉಳಿಯಬೇಕೋ ಅಳಿಯಬೇಕೋ ಎಂಬ ತೀರ್ಪೂ ಅವರ ಕೈಗೆ ಬಂತು. ಅವರು ನ್ಯಾಯಮಂಡಳಿಯಂತೆ ಕೆಲಸ ಮಾಡುವುದರಿಂದ ಅವರ ತೀರ್ಪು ನ್ಯಾಯಾಲಯದ ಪರಿಶೀಲನೆಗೆ ಒಳಪಡುತ್ತದೆ ಎಂದು 1992ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎರಡು ವರ್ಷಗಳ ನಂತರ, ಕರ್ನಾಟಕದ್ದೇ ಆದ ಎಸ್.ಆರ್. ಬೊಮ್ಮಾಯಿ ಪ್ರಕರಣದಲ್ಲಿ, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲೇ ಹೊರತು ರಾಜಭವನದಲ್ಲಲ್ಲ ಎಂದಿತು. ಎರಡೂ ಸರಿಯಾದ ತೀರ್ಪುಗಳೇ. ಆದರೆ ಇವೆರಡರಿಂದ ಸರ್ಕಾರ ಉಳಿಯುವ, ಉರುಳುವ ಲೆಕ್ಕವೆಲ್ಲ ಸಭಾಧ್ಯಕ್ಷರ ಮೇಜಿಗೆ ಬಂದು ಬಿತ್ತು.

ಅದರ ಪರಿಣಾಮ 2010ರ ಅಕ್ಟೋಬರ್‌ನಲ್ಲಿ ಕಂಡಿತು. 6ನೇ ತಾರೀಖು ಬಿಜೆಪಿಯ ಕೆಲವು ಶಾಸಕರು ಮತ್ತು ಪಕ್ಷೇತರರು ಮುಖ್ಯಮಂತ್ರಿ ಯಡಿಯೂರಪ್ಪನವರಿಗೆ ಬೆಂಬಲವಿಲ್ಲವೆಂದು ರಾಜ್ಯಪಾಲ ಎಚ್.ಆರ್. ಭಾರದ್ವಾಜ್ ಅವರಿಗೆ ಪತ್ರ ಕೊಟ್ಟರು. 7ನೇ ತಾರೀಖು ಸಭಾಧ್ಯಕ್ಷ ಕೆ.ಜಿ. ಬೋಪಯ್ಯ ಅವರಿಂದ ನೋಟಿಸ್ ಹೊರಟಿತು. 10ರ ಭಾನುವಾರ ಸಂಜೆ ಐದರೊಳಗೆ ಉತ್ತರ ಕೊಡಬೇಕು. ಸದನದ ನಿಯಮ ಏಳು ದಿನ ಎನ್ನುತ್ತಿತ್ತು. ಅಂದೇ ಬಿಜೆಪಿಯ 11 ಶಾಸಕರು ಮತ್ತು 5 ಪಕ್ಷೇತರರು, ಒಟ್ಟು ಹದಿನಾರು ಮಂದಿ ಅನರ್ಹರಾದರು. ಮರುದಿನ ಗದ್ದಲದ ನಡುವೆ ಧ್ವನಿಮತದಿಂದ ವಿಶ್ವಾಸಮತ ಸಿಕ್ಕಿತು. 14ರಂದು ಎರಡನೇ ಸಲ ವಿಶ್ವಾಸಮತ ಕೇಳಿ ಮತ ಎಣಿಸಿದಾಗ ಪರವಾಗಿ 106, ವಿರುದ್ಧ 100. ಅನರ್ಹರಾದ ಹದಿನಾರು ಮಂದಿ ಒಳಗಿದ್ದಿದ್ದರೆ ಫಲಿತಾಂಶ ಏನಾಗುತ್ತಿತ್ತೆಂದು ಯಾರೂ ಲೆಕ್ಕ ಹಾಕಬಹುದು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ರದ್ದುಮಾಡಿತು: ಅವಸರ ವಿಪರೀತ, ಸಹಜ ನ್ಯಾಯದ ಪಾಲನೆಯಿಲ್ಲ. ಪಕ್ಷದ ರಾಜ್ಯಾಧ್ಯಕ್ಷರ ಪ್ರಮಾಣಪತ್ರವನ್ನು ನಂಬಿದ್ದರೂ ಅದರ ಪ್ರತಿಯನ್ನು ಶಾಸಕರಿಗೆ ಕೊಟ್ಟಿರಲಿಲ್ಲ. ತೀರ್ಪು ಬರುವಷ್ಟರಲ್ಲಿ ಸರ್ಕಾರ ಏಳು ತಿಂಗಳು ನಡೆದಾಗಿತ್ತು.

2019ರಲ್ಲಿ ಅವಸರದ ಬದಲು ನಿಧಾನ ವಿವಾದವಾಯಿತು. ಸಮ್ಮಿಶ್ರ ಸರ್ಕಾರದ ಶಾಸಕರು ರಾಜೀನಾಮೆ ಕೊಟ್ಟಾಗ ಸಭಾಧ್ಯಕ್ಷ ಕೆ.ಆರ್. ರಮೇಶ್ ಕುಮಾರ್, 13ರಲ್ಲಿ 8 ಪತ್ರಗಳು ಕ್ರಮಬದ್ಧವಾಗಿಲ್ಲವೆಂದರು. ರಾಜೀನಾಮೆ ಸ್ವಇಚ್ಛೆಯದೇ, ನೈಜವೇ ಎಂದು ನೋಡುವ ಅಧಿಕಾರ 190ನೇ ವಿಧಿಯಲ್ಲಿದೆ ನಿಜ. ಜುಲೈ 23ರಂದು ಸರ್ಕಾರ 99–105ರಿಂದ ಸೋತಿತು. ಬಳಿಕ 17 ಮಂದಿಯನ್ನು ಆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಅನರ್ಹಗೊಳಿಸಿ, 29ರಂದು ರಮೇಶ್ ಕುಮಾರ್ ಅವರೂ ರಾಜೀನಾಮೆ ಕೊಟ್ಟರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಅವಧಿಯ ನಿರ್ಬಂಧವನ್ನು ತೆಗೆದುಹಾಕಿತು. ಎರಡು ಪ್ರಕರಣಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಒಂದು ಆದೇಶ ಬಿದ್ದುಹೋಯಿತು, ಇನ್ನೊಂದು ಬಹುಪಾಲು ನಿಂತಿತು. ಆದರೂ ಎರಡೂ ಸಲ ತಮ್ಮದೇ ಪಕ್ಷದ ಸರ್ಕಾರದ ಅಳಿವು ಉಳಿವು ಸಭಾಧ್ಯಕ್ಷರ ಸಹಿಗೆ ಕಾದು ನಿಂತಿತ್ತು.

ಪರಿಷತ್ತಿನ ಚರಿತ್ರೆ ಬಹುಕಾಲ ಶಾಂತವಾಗಿತ್ತು. ಆದರೆ 2020ರ ಡಿಸೆಂಬರ್ 15ರಂದು ಉಪ ಸಭಾಪತಿ ಎಸ್.ಎಲ್. ಧರ್ಮೇಗೌಡರನ್ನು ಸದಸ್ಯರು ಪೀಠದಿಂದ ಎಳೆದಾಡಿದ ದೃಶ್ಯವನ್ನು ನಾಡು ಕಂಡಿತು. ಮೇಲ್ಮನೆಯ ಘನತೆಯನ್ನು ನಂಬಿದವರೆಲ್ಲರಿಗೂ ಅದು ನೋವಿನ ದಿನ.

ಅನರ್ಹತೆಯ ತೀರ್ಪನ್ನು ಸಭಾಧ್ಯಕ್ಷರಿಂದ ತೆಗೆದು ಸ್ವತಂತ್ರ ನ್ಯಾಯಮಂಡಳಿಗೆ ಒಪ್ಪಿಸುವ ಬಗ್ಗೆ ಸಂಸತ್ತು ಯೋಚಿಸಲಿ ಎಂದು 2020ರ ಜನವರಿಯಲ್ಲಿ, ಮಣಿಪುರದ ಪ್ರಕರಣವೊಂದರಲ್ಲಿ, ಸುಪ್ರೀಂ ಕೋರ್ಟ್ ಸೂಚಿಸಿತು. ಕರ್ನಾಟಕದ ಅನುಭವ ಈ ಸಲಹೆಯನ್ನು ಪೂರ್ತಿ ಸಮರ್ಥಿಸುತ್ತದೆ. ಆದರೆ ಅಷ್ಟರಿಂದಲೇ ಪೀಠ ಸ್ವತಂತ್ರವಾಗದು. ಪೀಠದಿಂದ ಎದ್ದವರು ಅದೇ ವಿಧಾನಸಭೆಯ ಅವಧಿಯಲ್ಲಿ ಸಚಿವರಾಗಬಾರದು ಎಂಬ ನಿಯಮವೂ ಬೇಕು. ಅದಕ್ಕೆ ಹೊಸ ನ್ಯಾಯಮಂಡಳಿ ಕಟ್ಟಬೇಕಿಲ್ಲ, ಸುಪ್ರೀಂ ಕೋರ್ಟಿನ ಸೂಚನೆಗೆ ಕಾಯಬೇಕಿಲ್ಲ. ಪಕ್ಷಗಳು ತಾವಾಗಿ ಒಪ್ಪಿ ನಾಳೆಯಿಂದಲೇ ಪಾಲಿಸಬಹುದು.