ಮದ್ದೂರು ಸೀಮೆಯ ಮನೆಗಳಲ್ಲಿ ಹಂಚಿಕೆಯ ಇಂಟರ್‌ನೆಟ್

ಮದ್ದೂರು, ಮಳವಳ್ಳಿ, ಮಂಡ್ಯ ಸೀಮೆಯ ಮನೆಗಳಿಗೆ ಇಂಟರ್‌ನೆಟ್ ಬಂದದ್ದು ಟೆಲಿಫೋನಿನ ಬೆನ್ನೇರಿ. 1984ರಲ್ಲಿ ಸ್ಥಾಪನೆಯಾದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ಧೂಳು, ಸೆಕೆ ತಡೆದುಕೊಂಡು ಹವಾನಿಯಂತ್ರಣವಿಲ್ಲದೆ ನಡೆಯುವ ಸಣ್ಣ ಗ್ರಾಮೀಣ ಎಕ್ಸ್‌ಚೇಂಜನ್ನು ರೂಪಿಸಿತು. ಅದರ ಮೊದಲನೆಯದು 1986ರಲ್ಲಿ ಕರ್ನಾಟಕದ ಕಿತ್ತೂರಿನಲ್ಲೇ ಚಾಲೂ ಆಯಿತು. ಹೀಗೆ ಹಳ್ಳಿಗಳತ್ತ ಹರಡಿದ ಎಕ್ಸ್‌ಚೇಂಜುಗಳಿಂದ ಮನೆಯ ತನಕ ಎಳೆದ ಜೋಡಿ ತಾಮ್ರದ ತಂತಿಯೇ ಮುಂದೆ ಇಂಟರ್‌ನೆಟ್ಟಿಗೂ ದಾರಿಯಾಯಿತು. ನೆಟ್ ಕೈಕೊಟ್ಟಾಗ ದೋಷ ಹುಡುಕುವ ಕ್ರಮ ರೂಪುಗೊಂಡದ್ದೂ ಆ ತಂತಿಯ ಗುಣದಿಂದಲೇ.

ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದಾಗ ಅದು ಮಹಾನಗರಗಳ ಸೌಲಭ್ಯವಾಗಿತ್ತು. ತಾಲ್ಲೂಕು ಪಟ್ಟಣದವರು ಅದನ್ನು ಕಂಡದ್ದು ಹೆಚ್ಚಾಗಿ ಸೈಬರ್ ಕೆಫೆಯಲ್ಲಿ, ಪರೀಕ್ಷೆಯ ಫಲಿತಾಂಶವನ್ನೋ ಸಿಇಟಿ ರ‍್ಯಾಂಕನ್ನೋ ನೋಡಲು ಹೋದಾಗ. ಡಯಲ್-ಅಪ್ ಮೋಡೆಮ್ ಇದ್ದ ಮನೆಗಳಲ್ಲಿ ನೆಟ್ ನಡೆಯುವಷ್ಟು ಹೊತ್ತೂ ಫೋನ್ ಎಂಗೇಜ್. ಒಳಕೋಣೆಯಲ್ಲಿ ಯಾರಾದರೂ ಪ್ಯಾರಲಲ್ ಫೋನ್ ಎತ್ತಿದರೆ ಸಂಪರ್ಕವೇ ಕಡಿದುಹೋಗುತ್ತಿತ್ತು. ಒಂದು ತಂತಿಯನ್ನು ಹಲವರು ಹಂಚಿಕೊಂಡದ್ದರಿಂದ ಹುಟ್ಟಿದ ಮೊದಲ ತೊಂದರೆ ಇದು.

ಮನೆಗೆ ಎರಡನೆಯ ಕಂಪ್ಯೂಟರ್ ಬಂದಾಗ ಎರಡನೆಯ ತೊಂದರೆ ಎದುರಾಯಿತು. ಇಂಟರ್‌ನೆಟ್ ಸಂಪರ್ಕಕ್ಕೆ ಸಿಗುವುದು ಒಂದೇ ವಿಳಾಸ. ಮನೆಯೊಳಗೆ ಮಾತ್ರ ನಡೆಯುವ ಖಾಸಗಿ ವಿಳಾಸಗಳನ್ನು 1994ರಲ್ಲಿ ಪ್ರತ್ಯೇಕವಾಗಿ ತೆಗೆದಿರಿಸಲಾಯಿತು, 192.168 ಎಂದು ಶುರುವಾಗುವ ಅಂಕಿಗಳು ಆ ಗುಂಪಿನವು. ಕೂಡುಕುಟುಂಬದ ಕಾಗದಗಳೆಲ್ಲ ಒಂದೇ ಬಾಗಿಲಿಗೆ ಬಂದು, ಯಜಮಾನರು ಅವನ್ನು ಒಳಗಿನವರಿಗೆ ಹಂಚುವ ಹಾಗೆ, ಬಾಗಿಲಲ್ಲಿರುವ ಒಂದು ಯಂತ್ರ ಹೊರವಿಳಾಸಕ್ಕೆ ಬಂದದ್ದನ್ನು ಒಳವಿಳಾಸಗಳಿಗೆ ತಿರುಗಿಸುತ್ತದೆ. 1999ರ ವಿಂಡೋಸ್ 98 ಎರಡನೇ ಆವೃತ್ತಿ ಈ ಕೆಲಸವನ್ನು ಮನೆಯ ಕಂಪ್ಯೂಟರಿಗೇ ವಹಿಸಿತು. ಆ ಯಜಮಾನ ಕಂಪ್ಯೂಟರನ್ನು ಆರಿಸಿದರೆ ಮನೆಗೆಲ್ಲ ನೆಟ್ ಇಲ್ಲ. ಹೀಗಾಗಿ ಪಕ್ಕದ ಕೋಣೆಯ ಕಂಪ್ಯೂಟರ್ ಚಾಲೂ ಇದೆಯೇ ಎಂದು ನೋಡುವುದೇ ಆಗಿನ ಮೊದಲ ತಪಾಸಣೆ.

ದೊಡ್ಡ ಬದಲಾವಣೆ ಬ್ರಾಡ್‌ಬ್ಯಾಂಡಿನದು. ಕೇಂದ್ರದ 2004ರ ನೀತಿ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ 'ಡೇಟಾ-ಒನ್' ಆರಂಭಿಸಿತು. ನಗರಗಳ ನಂತರ ಅದು ತಾಲ್ಲೂಕು ಕೇಂದ್ರಗಳಿಗೂ ಬಂತು. ಮಾತಿಗೆ ಬೇಕಾದದ್ದು ತಂತಿಯ ಸುಮಾರು 4 ಕಿಲೋಹರ್ಟ್ಸ್ ತನಕದ ಕಂಪನ ಮಾತ್ರ. ಅದರ ಮೇಲಿನ ಖಾಲಿ ಜಾಗದಲ್ಲಿ ಎಡಿಎಸ್‌ಎಲ್ ಮೋಡೆಮ್ ದತ್ತಾಂಶ ಸಾಗಿಸುತ್ತದೆ, ಆದ್ದರಿಂದ ಫೋನೂ ನೆಟ್ಟೂ ಒಟ್ಟಿಗೆ ನಡೆಯುತ್ತವೆ. ಎರಡನ್ನೂ ಬೇರ್ಪಡಿಸುವುದು ಸ್ಪ್ಲಿಟರ್ ಎಂಬ ಸಣ್ಣ ಡಬ್ಬಿ. ಫೋನ್ ರಿಂಗಾದಾಗಲೆಲ್ಲ ನೆಟ್ ಕಡಿಯುತ್ತಿದ್ದರೆ ಮೊದಲ ಅನುಮಾನ ಸ್ಪ್ಲಿಟರ್ ದಾಟದೆ ನೇರವಾಗಿ ತಂತಿಗೆ ಜೋಡಿಸಿದ ಪ್ಯಾರಲಲ್ ಫೋನಿನ ಮೇಲೆ.

ಈ ತಂತ್ರಜ್ಞಾನದ ದೌರ್ಬಲ್ಯವನ್ನು ಮದ್ದೂರು ಸೀಮೆಗೆ ವಿವರಿಸಿ ಹೇಳಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಗದ್ದೆಗೆ ನೀರು ಸೊರಗಿ ತಲುಪುವಂತೆ, ಎಕ್ಸ್‌ಚೇಂಜಿನಿಂದ ದೂರವಾದಷ್ಟೂ ಸಂಕೇತ ಕ್ಷೀಣಿಸುತ್ತದೆ. ನಾಲ್ಕೈದು ಕಿಲೋಮೀಟರ್ ದಾಟಿದರೆ ಸಂಪರ್ಕ ನಿಲ್ಲುವುದೇ ಕಷ್ಟ. ಪೇಟೆಯ ಮನೆಗೆ ಸಿಕ್ಕ ವೇಗ ಕಬ್ಬಿನ ಗದ್ದೆಗಳಾಚೆಯ ಹಳ್ಳಿಗೆ ಸಿಗದಿರಲು ಕಾರಣ ಇದೇ. ದಾರಿಯ ಜಾಯಿಂಟುಗಳಿಗೆ ಮಳೆನೀರು ಇಳಿದರೆ ಫೋನಿನಲ್ಲಿ ಗರಗರ ಶಬ್ದ, ಮೋಡೆಮಿನಲ್ಲಿ ಮಿನುಗುವ ದೀಪ. ಭರಣಿ, ಕೃತ್ತಿಕೆ ಮಳೆಯ ಸಿಡಿಲು ಫೋನಿನ ತಂತಿಯಿಂದಲೂ ಕರೆಂಟಿನ ತಂತಿಯಿಂದಲೂ ಬಂದು ಮೋಡೆಮನ್ನು ಸುಡುವುದುಂಟು. ಗುಡುಗು ಕೇಳಿದ ಕೂಡಲೇ ಎರಡನ್ನೂ ಕೀಳುವ ರೂಢಿ ಬಂದದ್ದು ಹಾಗೆ. ಗರಗರ ಶಬ್ದ ಕೇಳಿಯೇ ತೊಂದರೆ ಯಾವ ತರಹದ್ದೆಂದು ಅಂದಾಜಿಸುವ ಲೈನ್‌ಮ್ಯಾನ್‌ಗಳ ಕಿವಿ ಯಾವ ಉಪಕರಣಕ್ಕೂ ಕಡಿಮೆಯಲ್ಲ. ಆ ತಿಳಿವಳಿಕೆ ಹೆಚ್ಚಾಗಿ ಬರಹಕ್ಕಿಳಿಯದೆ ಹೋದದ್ದು ನಷ್ಟವೇ.

ತಂತಿ ಸರಿಯಿದ್ದೂ ನೆಟ್ ಹಂಚಿಕೆಯಾಗದಿರುವುದು ಇನ್ನೊಂದು ಬಗೆಯ ಸಮಸ್ಯೆ, ಮನೆಗಳನ್ನು ಹೆಚ್ಚು ಕಾಡಿದ್ದೂ ಅದೇ. ಆರಂಭದಲ್ಲಿ ಮೋಡೆಮನ್ನು ಸಾಮಾನ್ಯವಾಗಿ ಬ್ರಿಡ್ಜ್ ವಿಧಾನದಲ್ಲಿ ಹೊಂದಿಸಿ ಕೊಡಲಾಗುತ್ತಿತ್ತು. ಆಗ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಲಾಗಿನ್ ಆಗುವುದು ಕಂಪ್ಯೂಟರ್. ಲಾಗಿನ್ ಆದ ಒಂದಕ್ಕೇ ನೆಟ್, ಎರಡನೆಯದಕ್ಕೆ ಸೊನ್ನೆ. ಮೋಡೆಮಿನ ಒಳಪುಟವನ್ನು 192.168.1.1 ಎಂಬ ವಿಳಾಸದಲ್ಲಿ ತೆರೆದು, ಪಾಸ್‌ವರ್ಡನ್ನು ಮೋಡೆಮಿಗೇ ಕೊಟ್ಟು ರೂಟರ್ ವಿಧಾನಕ್ಕೆ ಬದಲಿಸಿದರೆ ಎಲ್ಲ ಕಂಪ್ಯೂಟರುಗಳಿಗೂ ನೆಟ್ ಹರಿಯುತ್ತದೆ. ಹಂಚಿಕೆಯ ಯಜಮಾನಿಕೆ ಹೀಗೆ ಕಂಪ್ಯೂಟರಿನಿಂದ ಮೋಡೆಮಿಗೆ ದಾಟಿತು.

ದೋಷ ಹುಡುಕಲು ಆಗ ನೆಲೆನಿಂತ ಕ್ರಮ ಹೊರಗಿನಿಂದ ಒಳಕ್ಕೆ ಬರುತ್ತದೆ. ಫೋನೆತ್ತಿ ಡಯಲ್ ಟೋನ್ ಕೇಳಬೇಕು. ಇಲ್ಲದಿದ್ದರೆ ಲೈನ್ ಡೆಡ್, 198ಕ್ಕೆ ದೂರು. ಟೋನ್ ಇದ್ದು ಎಡಿಎಸ್‌ಎಲ್ ದೀಪ ಮಿನುಗುತ್ತಲೇ ಇದ್ದರೆ ದೋಷ ತಂತಿಯಲ್ಲೋ ಸ್ಪ್ಲಿಟರಿನಲ್ಲೋ ಇದೆ. ದೀಪ ನಿಂತು ಬೆಳಗುತ್ತಿದ್ದರೆ ಕಂಪ್ಯೂಟರಿನ ವಿಳಾಸ ನೋಡಬೇಕು. ಅದು 169.254 ಎಂದು ಶುರುವಾದರೆ ಮೋಡೆಮ್ ವಿಳಾಸ ಕೊಟ್ಟಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಕಾರಣ ಸಡಿಲವಾದ ಕೇಬಲ್ ಇರಬಹುದು, ಇಲಿ ಕಡಿದದ್ದೂ ಇರಬಹುದು. ವಿಳಾಸ ಸರಿಯಿದ್ದು, ದೂರದ ಯಂತ್ರವನ್ನು ಅಂಕಿಯಲ್ಲಿ ಪಿಂಗ್ ಮಾಡಿದರೆ ಉತ್ತರ ಬಂದು, ಹೆಸರಿನಲ್ಲಿ ಕರೆದರೆ ಬಾರದಿದ್ದರೆ ತಪ್ಪು ಹೆಸರನ್ನು ಅಂಕಿಯ ವಿಳಾಸಕ್ಕೆ ತಿರುಗಿಸುವ ಡಿಎನ್‌ಎಸ್‌ನಲ್ಲಿದೆ. ಮೋಡೆಮನ್ನು ಆರಿಸಿ ಹಾಕುವ ಜನಪ್ರಿಯ ಮದ್ದು ಎಷ್ಟೋ ಸಲ ಫಲಿಸುತ್ತದೆ, ಆದರೆ ದೋಷ ಎಲ್ಲಿತ್ತೆಂಬ ಸುಳಿವನ್ನೂ ಅಳಿಸಿಬಿಡುತ್ತದೆ.

ವೈಫೈ ಬಂದ ಮೇಲೆ ಗೋಡೆಯೂ ತಪಾಸಣೆಯ ಪಟ್ಟಿಗೆ ಸೇರಿತು. ಹಳೆಯ ತೊಟ್ಟಿ ಮನೆಯ ದಪ್ಪ ಮಣ್ಣಿನ ಗೋಡೆ, ಹೊಸ ಮನೆಯ ಕಬ್ಬಿಣ ತುಂಬಿದ ಕಾಂಕ್ರೀಟು, ಎರಡೂ ರೇಡಿಯೋ ಅಲೆಯನ್ನು ಕುಗ್ಗಿಸುತ್ತವೆ. ರೂಟರನ್ನು ಮೂಲೆಯಿಂದ ನಡುಮನೆಗೆ ತಂದಿಡುವುದೇ ಇದಕ್ಕೆ ಸುಲಭದ ಪರಿಹಾರ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಶುರುವಾದ ಮೇಲೆ ಮೊಬೈಲಿನ ಹಾಟ್‌ಸ್ಪಾಟೇ ಅನೇಕ ಮನೆಗಳ ರೂಟರಾಯಿತು. ಹಳೆಯ ಮಾದರಿಯ ವಿಳಾಸಗಳ ಕೇಂದ್ರ ದಾಸ್ತಾನು 2011ರಲ್ಲೇ ಮುಗಿದಿತ್ತು. ಹಾಗಾಗಿ ಮೊಬೈಲ್ ಕಂಪನಿಗಳು ಒಂದು ಹೊರವಿಳಾಸವನ್ನು ನೂರಾರು ಗ್ರಾಹಕರಿಗೆ ಹಂಚುತ್ತವೆ. ಇಂಥ ಸಂಪರ್ಕದಲ್ಲಿ ಒಳಗಿನಿಂದ ಹೊರಗೆ ಎಲ್ಲವೂ ಸಿಗುತ್ತದೆ, ಹೊರಗಿನಿಂದ ಮನೆಯ ಕ್ಯಾಮೆರಾಕ್ಕೆ ನೇರವಾಗಿ ತಲುಪಲಾಗುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಊರಿಗೆ ಮರಳಿದವರ ಕಚೇರಿ ಕೆಲಸವೂ ಮಕ್ಕಳ ಆನ್‌ಲೈನ್ ಪಾಠವೂ ಒಂದೇ ಸಂಪರ್ಕದ ಮೇಲೆ ಬಿದ್ದಾಗ ಹಂಚಿಕೆಯ ಮಿತಿ ಎಲ್ಲರಿಗೂ ಕಂಡಿತು.

ಈಗ ತಾಮ್ರದ ಜಾಗಕ್ಕೆ ಗಾಜಿನ ಎಳೆ ಬರುತ್ತಿದೆ. ಅದಕ್ಕೆ ಮಳೆನೀರಿನ ಗರಗರ ಶಬ್ದವಿಲ್ಲ, ಅದರೊಳಗೆ ಸಿಡಿಲು ಹರಿಯುವುದಿಲ್ಲ, ಕೆಲವು ಕಿಲೋಮೀಟರಿಗೆ ವೇಗ ಕುಗ್ಗುವುದಿಲ್ಲ. ಮನೆಯೊಳಗಿನ ಅದರ ಮೋಡೆಮಿನ ಮೇಲೆ ಕೆಂಪು ದೀಪ ಹತ್ತಿದರೆ ಬೆಳಕು ಬರುತ್ತಿಲ್ಲವೆಂದರ್ಥ: ಎಳೆ ತುಂಡಾಗಿದೆ, ಇಲ್ಲವೇ ಗೋಡೆಯ ಮೂಲೆಯಲ್ಲಿ ತೀರಾ ಮಡಚಿಕೊಂಡಿದೆ. ತುಂಡಾದ ತಾಮ್ರವನ್ನು ಲೈನ್‌ಮ್ಯಾನ್ ಕೈಯಲ್ಲೇ ತಿರುಚಿ ಕೂಡಿಸುತ್ತಿದ್ದರು. ಗಾಜಿನ ಎಳೆಗೆ ಬೆಸುಗೆಯ ಯಂತ್ರವೇ ಬರಬೇಕು. ತಾಮ್ರದ ಫೋನಿಗೆ ಎಕ್ಸ್‌ಚೇಂಜಿನ ಬ್ಯಾಟರಿಯಿಂದಲೇ ವಿದ್ಯುತ್ ಬರುತ್ತಿದ್ದುದರಿಂದ ಕರೆಂಟ್ ಹೋದಾಗಲೂ ಅದು ಮಾತಾಡುತ್ತಿತ್ತು. ಗಾಜು ವಿದ್ಯುತ್ ಒಯ್ಯುವುದಿಲ್ಲ. ಮನೆಯಲ್ಲಿ ಯುಪಿಎಸ್ ಇಲ್ಲದಿದ್ದರೆ ಕರೆಂಟಿನ ಜೊತೆಗೇ ನೆಟ್ಟೂ ಫೋನೂ ಹೋಗುತ್ತವೆ.